ಆಸ್ಪತ್ರೆಯಲ್ಲಿ ಬಿ.ಪಿ. 156/94, ಮನೆಯಲ್ಲಿ 130/82: ಇದು ಬರೀ ಟೆನ್ಶನ್ನಾ?

ಪೆರ್ಲದವ:
ಅಪ್ಪನಿಗೆ 58. ತೋಟಕ್ಕೆ ಕೊಳೆರೋಗ, ಮೇಲಿಂದ ಬ್ಯಾಂಕಿನ ಸಾಲ. ರಾತ್ರಿ ಮೂರಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಇಲ್ಲ, ಎದೆ ಡವಡವ. ಯಾವ ಬಿ.ಪಿ. ನಂಬುವುದು? ಟೆನ್ಶನ್ ಇಳಿದರೆ ಸರಿಯಾದೀತು ಅಂತ ಬಿಡಬಹುದಾ?

ಕುಂಬಳೆ ನರ್ಸ್:
ಬಿಡಬೇಡಿ. ಒಂದೇ ಅಳತೆ ನೋಡಿ ಹೆದರುವುದೂ ಬೇಡ, ಡಾಕ್ಟರ ಎದುರು ಕೂತರೇ ಏರುವವರಿದ್ದಾರೆ. ಏಳು ದಿನ ಮನೆಯಲ್ಲಿ ಬರೆದಿಡಿ. ಬೆಳಗ್ಗೆ ಮಾತ್ರೆ, ಚಹಾಕ್ಕೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡಿ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳಿಗೆ ಕಟ್ಟುವ ಪಟ್ಟಿ ಎದೆಯ ಮಟ್ಟದಲ್ಲಿರಲಿ. ಅಂಗಿಯ ಮೇಲೆ ಕಟ್ಟಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಹೆಚ್ಚು ತೋರಿಸುತ್ತದೆ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಲೆಕ್ಕದಲ್ಲಿ 135/85 ಮುಟ್ಟಿದರೆ ಹೆಚ್ಚೇ, ಕಾರಣ ಟೆನ್ಶನ್ ಆದರೂ.

ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುತ್ತಾರಾ? ಅಳೆಯುವ ಅರ್ಧ ಗಂಟೆ ಮೊದಲು ಅದೂ ಬೇಡ, ನಿಕೋಟಿನ್ ಬಿ.ಪಿ., ನಾಡಿ ಎರಡನ್ನೂ ಏರಿಸುತ್ತದೆ.

ಶರೀರಶಾಸ್ತ್ರ ಮೇಷ್ಟ್ರು:
ಚಿಂತೆ ಬಂದ ಕೂಡಲೇ ಅಡ್ರಿನಲಿನ್ ಎಂಬ ಹಾರ್ಮೋನು ಎದೆಬಡಿತ ಏರಿಸುತ್ತದೆ, ಅದು ನಿಮಿಷಗಳಲ್ಲಿ ಇಳಿದೀತು. ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ನಿಧಾನದ್ದು, ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ. ಮಧ್ಯರಾತ್ರಿ ಸುಮಾರಿಗೆ ತೀರಾ ಕಡಿಮೆಯಿದ್ದು, ಬೆಳಗಿನ ಜಾವ ಏರತೊಡಗುತ್ತದೆ. ಆ ಹೊತ್ತಿನ ನಿದ್ದೆ ಹೇಗೂ ತೆಳು, ಸಾಲದ ನೆನಪು ಸಾಕು ಎಬ್ಬಿಸಲಿಕ್ಕೆ.

ಆದರೆ ಎದೆ ಡವಡವ ಥೈರಾಯ್ಡ್, ರಕ್ತಹೀನತೆಯಿಂದಲೂ ಆಗುತ್ತದೆ. ಟಿ.ಎಸ್.ಎಚ್. (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ, ಇ.ಸಿ.ಜಿ. ಮಾಡಿಸಿ. ಎದೆ ಹಿಂಡಿ ಬೆವರಿದರೆ ಕಾಯದೆ 108ಕ್ಕೆ ಕರೆ ಮಾಡಿ. ಎಚ್ಚರಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಲಿ. ನಾಲ್ಕು ಎಣಿಸಿ ಉಸಿರೆಳೆದು ಆರು ಎಣಿಸಿ ಬಿಡಲಿ, ಹತ್ತು ನಿಮಿಷ. ಎಷ್ಟೇ ಕಡಿಮೆ ಮಲಗಿದರೂ ಏಳುವ ಹೊತ್ತು ಬದಲಿಸಬಾರದು. ಸಂಜೆ ಚಹಾ ನಾಲ್ಕಕ್ಕೆ ಮುಗಿಯಲಿ.

ಇದು ಎರಡು ವಾರ ದಾಟಿ, ಊಟ-ಕೆಲಸ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಖಿನ್ನತೆ ಇರಬಹುದು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಪೆರ್ಲದವ:
ಮಿಷನ್ ಮಣಿಕಟ್ಟಿಗೆ ಕಟ್ಟುವಂಥದ್ದು. ತೊಂದರೆಯಾ?

ಕುಂಬಳೆ ನರ್ಸ್:
ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತಾ! ಕೈ ಎದೆಗಿಂತ 10 ಸೆಂ.ಮೀ. ಮೇಲಿದ್ದರೆ 7-8 ಅಂಕ ಕಡಿಮೆ ತೋರಿಸುತ್ತದೆ, ಹಾಗಾಗಿ ಆ 130ನ್ನು ನಂಬಬೇಡಿ. ತೋಳಿನದ್ದು ತನ್ನಿ. ಪಂಚಾಯತಿನ ಆರೋಗ್ಯ ಕೇಂದ್ರಕ್ಕೆ ಒಯ್ದು ಅಲ್ಲಿಯ ಮಿಷನ್ ಜೊತೆ ಅದೇ ತೋಳಿನಲ್ಲಿ ಒಮ್ಮೆ ತಾಳೆ ನೋಡಿ, ಆಮೇಲೆ ಏಳು ದಿನದ ಲೆಕ್ಕ ಶುರು ಮಾಡಿ.