ಅರ್ಮೇನಿಯಾನಾ ರುವಾಂಡಾನಾ: ಮನೆ ಗುಂಪಿನಲ್ಲಿ ನಡೆದ ಜಗಳ

ಸುರೇಶ ಚಿಕ್ಕಪ್ಪ: (ಫಾರ್ವರ್ಡ್) ಜಗತ್ತಿನ ದೊಡ್ಡ ನರಮೇಧಗಳ ಪಟ್ಟಿ. ಎಲ್ಲರೂ ಓದಿ. ಅರ್ಮೇನಿಯಾದಲ್ಲಿ ಸತ್ತವರು ರುವಾಂಡಾಕ್ಕಿಂತ ಜಾಸ್ತಿ. ಆದರೂ ಎಲ್ಲರ ಬಾಯಲ್ಲೂ ರುವಾಂಡಾನೇ.

ಅನಿತಾ: ಚಿಕ್ಕಪ್ಪ, ಅರ್ಮೇನಿಯನ್ನರ ವಿಷಯದಲ್ಲಿ 6 ಲಕ್ಷದಿಂದ 15 ಲಕ್ಷದವರೆಗೆ ಅಂದಾಜುಗಳಿವೆ. ರುವಾಂಡಾದ್ದು ಸುಮಾರು 8 ಲಕ್ಷ ಅಂತಾರೆ. ಇದನ್ನಿಟ್ಟುಕೊಂಡು ಒಂದನೇ ನಂಬರ್, ಎರಡನೇ ನಂಬರ್ ಕೊಟ್ಟರೆ ಏನು ತಿಳಿಯುತ್ತೆ ಹೇಳಿ? ಬದುಕಿ ಉಳಿದವರ ಗತಿ ಏನಾಯಿತು ಅಂತ ನೋಡಿ.

1915ರಲ್ಲಿ ಆಗ ಟರ್ಕಿಯನ್ನು ಆಳುತ್ತಿದ್ದ ಆಟೋಮನ್ ಸರ್ಕಾರ ಅರ್ಮೇನಿಯನ್ನರನ್ನು ಊರೂರಿಂದ ಎಬ್ಬಿಸಿ ಸಿರಿಯಾದ ದೇರ್ ಎಜ್-ಝೋರ್ ಮರಳುಗಾಡಿನ ಕಡೆ ನಡೆಸಿತು. ಉಳಿದವರು ಅಲೆಪ್ಪೊ, ಬೈರೂತ್, ಫ್ರಾನ್ಸ್, ಅಮೆರಿಕ ಅಂತ ಚದುರಿಹೋದರು. ಮನೆ, ಹೊಲ ವಾಪಸ್ ಸಿಗಲಿಲ್ಲ. ಎಷ್ಟೋ ಮಕ್ಕಳು ಟರ್ಕಿಯ ಮನೆಗಳಲ್ಲಿ, ಕುರ್ದ್ ಮನೆಗಳಲ್ಲಿ ಬೇರೆ ಹೆಸರಿಟ್ಟುಕೊಂಡು ಬೆಳೆದರು. ಟರ್ಕಿ ಇವತ್ತಿಗೂ ಅದನ್ನು ನರಮೇಧ ಅಂತ ಒಪ್ಪಿಲ್ಲ. ಇಸ್ತಾಂಬುಲಿನ ಪತ್ರಕರ್ತ ಹ್ರಾಂಟ್ ಡಿಂಕ್ ಈ ವಿಷಯ ಬರೆದು ಕೇಸು ಹಾಕಿಸಿಕೊಂಡರು, 2007ರಲ್ಲಿ ತಮ್ಮ ಪತ್ರಿಕೆಯ ಆಫೀಸಿನ ಮುಂದೆಯೇ ಅವರನ್ನು ಗುಂಡಿಟ್ಟು ಕೊಂದರು.

ಪ್ರಸನ್ನ: ಹಾಗಾದರೆ ರುವಾಂಡಾದವರ ಪಾಡು ವಾಸಿ ಅಂತೀಯಾ ಅಕ್ಕ? ಅಲ್ಲಿ ಕೋರ್ಟು, ಸ್ಮಾರಕ ಎಲ್ಲ ಆಗಿವೆ.

ಅನಿತಾ: ವಾಸಿ ಅಂತ ಎಲ್ಲಿ ಹೇಳಿದೆ? ಅಲ್ಲಿ 1994ರಲ್ಲಿ ಬಹುಸಂಖ್ಯಾತ ಹುಟು ಜನಾಂಗದ ಉಗ್ರರು ಅಲ್ಪಸಂಖ್ಯಾತ ಟುಟ್ಸಿಗಳನ್ನು ಕೊಂದರು. ಎಷ್ಟೋ ಕಡೆ ಮಚ್ಚು ಹಿಡಿದು ಬಂದವರು ಪಕ್ಕದ ಮನೆಯವರೇ. ಗುರುತಿನ ಚೀಟಿಯಲ್ಲಿ ಟುಟ್ಸಿ ಅಂತ ಇದ್ದರೆ ರಸ್ತೆ ತಡೆಯಲ್ಲೇ ಕಥೆ ಮುಗೀತು. ರೇಡಿಯೊದಲ್ಲಿ ಅವರನ್ನು ಜಿರಲೆಗಳು ಅಂತಿದ್ದರು. ಆಮೇಲೆ ಗಚಾಚಾ ಅಂತ ಹಳ್ಳಿ ಪಂಚಾಯ್ತಿ ಥರದ ಕೋರ್ಟುಗಳು ಬಂದವು. ಊರವರೆಲ್ಲ ಹುಲ್ಲಿನ ಮೇಲೆ ಕೂರುತ್ತಿದ್ದರು, ಊರವರೇ ನ್ಯಾಯಾಧೀಶರು, ತಪ್ಪು ಒಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆ. ಮಗನ ಹೆಣ ಯಾವ ಗುಂಡಿಯಲ್ಲಿದೆ ಅಂತ ತಾಯಿ ಕೊಂದವನ ಬಾಯಿಂದಲೇ ಕೇಳಬೇಕು, ಅವನು ಜೈಲಿಂದ ಬಂದ ಮೇಲೆ ಅದೇ ಊರಲ್ಲಿ ಅವನ ಮುಖ ನೋಡಿಕೊಂಡು ಬದುಕಬೇಕು. ಅತ್ಯಾಚಾರವೂ ನರಮೇಧದ ಭಾಗ ಅಂತ ರುವಾಂಡಾ ಕೇಸುಗಳಿಗಾಗಿ ತಾಂಜಾನಿಯಾದ ಅರುಷಾದಲ್ಲಿ ಮಾಡಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 1998ರಲ್ಲಿ ತೀರ್ಪು ಕೊಟ್ಟಿತು, ದೊಡ್ಡ ವಿಷಯವೇ. ಆದರೆ ಅಷ್ಟರಲ್ಲಿ ಎಷ್ಟೋ ಹೆಂಗಸರಿಗೆ ಎಚ್‌ಐವಿ ಅಂಟಿತ್ತು.

ಸುರೇಶ ಚಿಕ್ಕಪ್ಪ: ಎಲ್ಲ ಸರಿ ಕಣಮ್ಮ. ಟರ್ಕಿ ಈಗ ಒಪ್ಪಿಕೊಂಡರೆ ಸತ್ತವರು ಎದ್ದು ಬರ್ತಾರಾ? ನೂರು ವರ್ಷ ಆಯ್ತು.

ಅನಿತಾ: ಬರಲ್ಲ. ಆದರೆ ಆ ರುವಾಂಡಾದ ತಾಯಿಗೆ ಯಾರು ಕೊಂದರು ಅಂತಾದರೂ ಗೊತ್ತು. ಅರ್ಮೇನಿಯನ್ ಮೊಮ್ಮಗಳು ನಮ್ಮಜ್ಜಿಯ ಊರಲ್ಲಿ ಹೀಗೆ ಆಯ್ತು ಅಂದರೆ, ಸುಳ್ಳು, ಅದು ಯುದ್ಧದ ಕಾಲ, ಎಲ್ಲರೂ ಸತ್ತರು ಅನ್ನುವ ಉತ್ತರ ಬರುತ್ತೆ. ದೇರ್ ಎಜ್-ಝೋರ್‌ನಲ್ಲಿ ಸತ್ತವರ ನೆನಪಿಗೆ ಒಂದು ಚರ್ಚ್ ಕಟ್ಟಿದ್ದರು. 2014ರಲ್ಲಿ ಐಸಿಸ್ ಅದನ್ನೂ ಸ್ಫೋಟಿಸಿತು. ಅವರಿಗೆ ದುಃಖ ಪಡೋದಕ್ಕೂ ಮೊದಲು ಸಾಕ್ಷಿ ಹೇಳುವ ಕೆಲಸ.

ಪ್ರಸನ್ನ: ರುವಾಂಡಾದಲ್ಲೂ ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ ಅಕ್ಕ. ನರಮೇಧ ನಿಲ್ಲಿಸಿ ಅಧಿಕಾರಕ್ಕೆ ಬಂದ, ಟುಟ್ಸಿಗಳೇ ಹೆಚ್ಚಿದ್ದ ಆರ್‌ಪಿಎಫ್ ಪಡೆಯ ಸೈನಿಕರು ಮಾಡಿದ ಕೊಲೆಗಳನ್ನು ಗಚಾಚಾ ಮುಟ್ಟಲೇ ಇಲ್ಲ.

ಅನಿತಾ: ಅದು ನಿಜ. ಹಾಗೆ ಸತ್ತ ಹುಟು ಜನರ ಮನೆಯವರು ಅಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಇವತ್ತಿಗೂ ಕಷ್ಟ. ಚಿಕ್ಕಪ್ಪ, ಆ ಪಟ್ಟಿಯನ್ನು ಬೇರೆ ಗುಂಪಿಗೆ ಕಳಿಸೋದಾದರೆ ಇದನ್ನೆಲ್ಲ ಸೇರಿಸಿಯೇ ಕಳಿಸಿ.