ಹಳೆಯ ಜೀಪಿನ ಟೆಂಪರೇಚರ್ ಮೀಟರ್: ಮುಳ್ಳು ಏಳುತ್ತಿಲ್ಲ

ಪ್ರಶ್ನೆ (ಚಿಕ್ಕಬಳ್ಳಾಪುರ): ನಮಸ್ಕಾರ ಸರ್. ನಮ್ಮ ತಾತನ ಕಾಲದ ವಿಲ್ಲೀಸ್ ಜೀಪಿನ ಹೆಡ್ (ಎಂಜಿನ್ನಿನ ಮೇಲ್ಭಾಗದ ಮುಚ್ಚಳ) ಬಿಚ್ಚಿ ಕೂರಿಸಿದ ಮೇಲೆ ಟೆಂಪರೇಚರ್ ಮೀಟರಿನ ಮುಳ್ಳು ಮೇಲೇಳುತ್ತಲೇ ಇಲ್ಲ. ಮೀಟರಿನಿಂದ ಎಂಜಿನ್ನಿಗೆ ಹೋಗುವ ತಾಮ್ರದ ತಂತಿ ಒಂದು ಕಡೆ ಮಡಚಿಕೊಂಡಿದೆ. ಅದನ್ನು ಕತ್ತರಿಸಿ ಹೊಸ ವೈರ್ ಜೋಡಿಸಬಹುದೇ?

ಉತ್ತರ: ದಯವಿಟ್ಟು ಕತ್ತರಿಸಬೇಡಿ. ಅದು ತಂತಿಯಲ್ಲ, ಬಹಳ ಸಣ್ಣ ರಂಧ್ರವಿರುವ ಕೊಳವೆ. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ನಿನ ನೀರಿನಲ್ಲಿ ಮುಳುಗಿರುವ ಅದರ ತುದಿಯ ಬಲ್ಬಿನೊಳಗೆ (ದೀಪವಲ್ಲ, ಲೋಹದ ಸಣ್ಣ ಬುಡ್ಡಿ) ಸಾಮಾನ್ಯವಾಗಿ ಈಥರ್ ತುಂಬಿರುತ್ತಾರೆ. ಈಥರ್ ಸುಮಾರು 35 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ದ್ರವವಾದ್ದರಿಂದ, ನೀರು ಬಿಸಿಯಾದಂತೆಲ್ಲ ಅದರ ಆವಿಯ ಒತ್ತಡ ಏರಿ, ಕೊಳವೆಯ ಮೂಲಕ ಮೀಟರಿನೊಳಗಿನ ಬೋರ್ಡನ್ ಟ್ಯೂಬನ್ನು ತಲುಪುತ್ತದೆ. ಫ್ರಾನ್ಸಿನ ಯೂಜೀನ್ ಬೋರ್ಡನ್ 1849ರಲ್ಲಿ ಪೇಟೆಂಟ್ ಪಡೆದ ಈ ಟ್ಯೂಬು ಕುಡುಗೋಲಿನಂತೆ ಬಾಗಿದ ಚಪ್ಪಟೆ ಕೊಳವೆ. ಒತ್ತಡ ಹೆಚ್ಚಿದಾಗ ಅದರ ಬಾಗು ತುಸುವೇ ಬಿಚ್ಚಿಕೊಳ್ಳುತ್ತದೆ. ಆ ತುಸು ಚಲನೆಯೇ ಸಣ್ಣ ಕೊಂಡಿಯೊಂದರ ಮೂಲಕ ಹಿಗ್ಗಿ ಮುಳ್ಳನ್ನು ತಿರುಗಿಸುತ್ತದೆ. ಆವಿಯ ಒತ್ತಡ ಬಿಸಿ ಹೆಚ್ಚಿದಷ್ಟೂ ಬೇಗ ಏರುವುದರಿಂದ ಇಂಥ ಡಯಲುಗಳಲ್ಲಿ ಬಹುಮಟ್ಟಿಗೆ ಗೆರೆಗಳು ತಣ್ಣನೆಯ ಕಡೆ ಒತ್ತಾಗಿಯೂ ಬಿಸಿಯ ಕಡೆ ಅಗಲವಾಗಿಯೂ ಇರುತ್ತವೆ. ಎಚ್ಚರಿಕೆ ಬೇಕಾದ ಜಾಗದಲ್ಲೇ ಸ್ಪಷ್ಟವಾಗಿ ತೋರಿಸುವ ಈ ಗುಣಕ್ಕಾಗಿಯೇ ನನಗೆ ಈ ಮೀಟರುಗಳ ಮೇಲೆ ಇಷ್ಟೊಂದು ಅಭಿಮಾನ.

ಎಂಜಿನ್ ತಣ್ಣಗಿರುವಾಗ ಬಲ್ಬನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಆಗಲೂ ಮುಳ್ಳು ಅಲುಗದಿದ್ದರೆ ಮಡಿಕೆಯಲ್ಲಿ ಕೊಳವೆ ಬಿರುಕು ಬಿಟ್ಟು ಈಥರ್ ಹೊರಟುಹೋಗಿದೆ, ಇಲ್ಲವೇ ದಾರಿ ಮುಚ್ಚಿದೆ ಎಂದರ್ಥ.

ಮರುಪ್ರಶ್ನೆ: ಅಲುಗಲಿಲ್ಲ ಸರ್. ಸ್ನೇಹಿತರು ಕೊಟ್ಟ ಇದೇ ಬಗೆಯ ಇನ್ನೊಂದು ಮೀಟರ್ ಅದೇ ನೀರಿನಲ್ಲಿ 97 ತೋರಿಸಿತು. ಅದರ ಮುಳ್ಳನ್ನು 100ಕ್ಕೆ ಸರಿಸಿ ಕೂರಿಸಲೇ?

ಉತ್ತರ: ಬೇಡ, ಆ ಮೀಟರ್ ಸರಿಯಾಗಿಯೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಿಮ್ಮ ಊರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ ಹೆಚ್ಚುಕಡಿಮೆ 97 ಡಿಗ್ರಿಗೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲಾದರೆ 95ರ ಆಸುಪಾಸಿಗೇ ಕುದಿಯುತ್ತದೆ. ಒತ್ತಡ ಹಿಡಿಯುವ ಕ್ಯಾಪ್ ಇಲ್ಲದ ರೇಡಿಯೇಟರಾದರೆ ಬೆಟ್ಟ ಹತ್ತುವಾಗ ಈ ಲೆಕ್ಕ ನೆನಪಿರಲಿ.

ಕೂರಿಸುವಾಗ ಬಲ್ಬಿನ ನಟ್ಟನ್ನು ಮಾತ್ರ ತಿರುಗಿಸಿ, ಕೊಳವೆ ಜೊತೆಯಲ್ಲಿ ತಿರುಚಿಕೊಳ್ಳದಂತೆ ಇನ್ನೊಂದು ಕೈಯಲ್ಲಿ ಹಿಡಿದಿರಿ. ಹೆಡ್ ಕೆಲಸದಲ್ಲಿ ಹೆಚ್ಚಿನ ಕೊಳವೆಗಳು ಹಾಳಾಗುವುದು ಆ ಒಂದು ಕ್ಷಣದಲ್ಲಿ. ಉಳಿದ ಉದ್ದವನ್ನು ಅಗಲವಾದ ಸುರುಳಿ ಮಾಡಿ ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ. ತಾತನ ಮೀಟರನ್ನು ಎಸೆಯಬೇಡಿ: ಬೇರೆ ಮೀಟರಿನ ಬಲ್ಬನ್ನು ಐಸು-ಉಪ್ಪಿನಲ್ಲಿ ತಣ್ಣಗಿಟ್ಟು, ಅದರ ಕೊಳವೆಯನ್ನು ಇದಕ್ಕೆ ಬೆಸುಗೆ ಹಾಕಿ ಬದುಕಿಸಬಹುದು. ಈಥರ್ ಕಿಡಿ ಸೋಕಿದರೂ ಹೊತ್ತಿಕೊಳ್ಳುವುದರಿಂದ ಆ ಕೆಲಸವನ್ನು ಮಾತ್ರ ಅನುಭವಸ್ಥರ ಕೈಯಲ್ಲೇ ಮಾಡಿಸಿ.