ಗಾಳಿಯಂತ್ರದ ಕನ್ವರ್ಟರಿಗೆ ‘ಬಾಳಿಕೆ’ಯೋ ‘ನೆಚ್ಚಿಕೆ’ಯೋ?

ಎಲ್ಲರಿಗೂ ನಮಸ್ಕಾರ.

ಗಾಳಿಯಂತ್ರಗಳ ಪವರ್ ಎಲೆಕ್ಟ್ರಾನಿಕ್ಸ್ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರಿಲಯಬಿಲಿಟಿ’ಗೆ ಯಾವ ಪದ ಬಳಸಲಿ ಅನ್ನೋದು ಪ್ರಶ್ನೆ. ನಿಘಂಟಿನಲ್ಲಿ ‘ವಿಶ್ವಾಸಾರ್ಹತೆ’ ಇದೆ. ಅದು ಮನುಷ್ಯರಿಗೆ, ಸುದ್ದಿಗೆ ಒಪ್ಪುತ್ತದೆ, ಯಂತ್ರದ ಮಾತಿನಲ್ಲಿ ಭಾರ ಜಾಸ್ತಿ. ಹಲವರು ‘ಬಾಳಿಕೆ’ ಅಂತ ಬರೆಯುತ್ತಾರೆ. ಇಲ್ಲಿ ಅದು ಬೇರೆಯೇ ಅರ್ಥ ಕೊಡುತ್ತದೆ ಅಂತ ನನ್ನ ವಾದ.

ಗಾಳಿ ಒಂದೇ ಸಮ ಬೀಸುವುದಿಲ್ಲ, ರೆಕ್ಕೆಗಳ ವೇಗವೂ ಒಂದೇ ಸಮ ಇರುವುದಿಲ್ಲ. ಆದರೂ ಗ್ರಿಡ್ಡಿಗೆ ಹೋಗುವ ಕರೆಂಟು 50 ಅಥವಾ 60 ಹರ್ಟ್ಸ್‌ನಲ್ಲೇ ಇರಬೇಕು. ಅದನ್ನು ನೋಡಿಕೊಳ್ಳುವುದು ಕನ್ವರ್ಟರ್, ಅದರ ಜೀವಾಳ ಐಜಿಬಿಟಿ ಮಾಡ್ಯೂಲ್, ಅಂದರೆ ಕರೆಂಟನ್ನು ಬಲು ಬೇಗ ಬಿಟ್ಟು ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳ ಕಟ್ಟು. ಒಳಗೆ ಸಿಲಿಕಾನ್ ಚಿಪ್ಪಿನ ಮೇಲೆ ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಅಲ್ಯೂಮಿನಿಯಂ ತಂತಿಗಳನ್ನು ಕೂರಿಸಿರುತ್ತಾರೆ. ಗಾಳಿ ಜೋರಾದರೆ ಚಿಪ್ ಕಾಯುತ್ತದೆ, ಇಳಿದರೆ ಆರುತ್ತದೆ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಸಿಲಿಕಾನಿನ ಸುಮಾರು 9 ಪಟ್ಟು. ಹೀಗೆ ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ತಂತಿಯ ಬುಡದಲ್ಲಿ ಬಿರುಕು ಬಿಟ್ಟು ಕೊನೆಗೆ ತಂತಿಯೇ ಎದ್ದು ಬರುತ್ತದೆ. ಚಿಪ್ಪಿನ ಕೆಳಗಿನ ಬೆಸುಗೆಯೂ ಹೀಗೇ ಬಿಡುತ್ತದೆ. ಇಲ್ಲಿ ‘ಬಾಳಿಕೆ’ ಸರಿಯಾದ ಪದವೇ. ಲ್ಯಾಬಿನಲ್ಲಿ ಕಾಯಿಸಿ ಆರಿಸಿ, ಎಷ್ಟು ಸುತ್ತು ತಡೆಯಿತು ಅಂತ ಎಣಿಸಬಹುದು.

ಆದರೆ ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರು ಕೆಟ್ಟ ಕನ್ವರ್ಟರುಗಳನ್ನು ಬಿಚ್ಚಿ ನೋಡಿದಾಗ ಈ ಬಿರುಕು ಮುಖ್ಯ ಕಾರಣವಾಗಿ ಕಾಣಲಿಲ್ಲ. ತೇವದ ಕಡೆಗೇ ಬೊಟ್ಟು ಮಾಡುವ ಕುರುಹುಗಳು ಸಿಕ್ಕವು. ಗಾಳಿ ನಿಂತು ಯಂತ್ರ ಸುಮ್ಮನಿದ್ದಾಗ ಕ್ಯಾಬಿನೆಟ್ ತಣ್ಣಗಾಗುತ್ತದೆ, ಒಳಗಿನ ಹಸಿ ಗಾಳಿ ಬೋರ್ಡಿನ ಮೇಲೆ ಹನಿಗಟ್ಟುತ್ತದೆ. ಮಾಡ್ಯೂಲಿನೊಳಗೆ ತುಂಬಿರುವ ಸಿಲಿಕೋನ್ ಜೆಲ್ಲೂ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮತ್ತೆ ಗಾಳಿ ಎದ್ದು ಅದೇ ಹಸಿಯ ಮೇಲೆ ನೂರಾರು ವೋಲ್ಟ್ ಬಿದ್ದರೆ ಏನಾಗಬಹುದು, ಹೇಳಬೇಕಿಲ್ಲ ಅಲ್ವಾ? 20 ವರ್ಷ ಬಾಳಿಕೆ ಬರಲಿ ಅಂತ ಮಾಡಿದ ಮಾಡ್ಯೂಲ್ ಮೂರನೇ ವರ್ಷಕ್ಕೇ ಕೈಕೊಡಬಹುದು. ಬಾಳಿಕೆಯ ಲೆಕ್ಕ ತಪ್ಪಿರುವುದಿಲ್ಲ, ಆದರೂ ಯಂತ್ರವನ್ನು ನೆಚ್ಚಿಕೊಂಡು ಕೂರುವ ಹಾಗಿಲ್ಲ. ಬರಹದ ಉದ್ದಕ್ಕೂ ‘ಬಾಳಿಕೆ’ ಅಂತಲೇ ಬರೆದುಬಿಟ್ಟರೆ ಓದುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ತಂತಿ ಗಟ್ಟಿ ಮಾಡಿದರೆ ಎಲ್ಲ ಸರಿಹೋಯ್ತು ಅಂದುಕೊಳ್ಳುತ್ತಾರೆ.

ಅದಕ್ಕೇ ‘ನೆಚ್ಚಿಕೆ’ ಅಂತ ಯೋಚಿಸಿದ್ದೇನೆ. ಎಂಜಿನಿಯರುಗಳ ಪ್ರಕಾರ ರಿಲಯಬಿಲಿಟಿ ಅಂದರೆ ಗೊತ್ತಾದ ಪರಿಸ್ಥಿತಿಯಲ್ಲಿ, ಗೊತ್ತಾದ ಅವಧಿಯವರೆಗೆ, ಕೆಡದೆ ಕೆಲಸ ಮಾಡುವ ಸಂಭವ. ಅದು 0ಯಿಂದ 1ರ ನಡುವಿನ ಒಂದು ಸಂಖ್ಯೆ. ‘ಐದು ವರ್ಷಕ್ಕೆ ಇದರ ನೆಚ್ಚಿಕೆ 0.95’ ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಭಾವನೆಯ ಪದಕ್ಕೆ ಸಂಖ್ಯೆ ಅಂಟಿಸಿದ ಹಾಗಾಗುತ್ತದೆಯೇ? ನನಗೆ ಒಪ್ಪುತ್ತದೆ, ಬೇರೆಯವರಿಗೆ ಹೇಗೋ ತಿಳಿಯಬೇಕು.

ಇನ್ನೊಂದು ಮಾತು. ಆ ತಂತಿಯ ಬಿರುಕಿಗೆ ಕಾರಣವಾದ ‘ಫಟೀಗ್’ಗೆ (ಮತ್ತೆ ಮತ್ತೆ ಹಿಗ್ಗಿ ಕುಗ್ಗಿ ಲೋಹ ಸೋಲುವುದಕ್ಕೆ) ಕೆಲವರು ‘ಸವೆತ’ ಅಂತ ಹಾಕುತ್ತಾರೆ. ಅಲ್ಲಿ ಯಾವುದೂ ಯಾವುದನ್ನೂ ಉಜ್ಜುವುದಿಲ್ಲ, ಹಾಗಾಗಿ ನನಗದು ಬೇಡ. ‘ಲೋಹದ ಬಳಲಿಕೆ’, ‘ಲೋಹದ ದಣಿವು’ ಎರಡೂ ಮನಸ್ಸಿನಲ್ಲಿವೆ. ದಣಿವು ಸ್ವಲ್ಪ ವಿಶ್ರಾಂತಿ ಪಡೆದರೆ ಹೋಗುತ್ತದೆ, ಈ ಬಿರುಕು ಹೋಗುವುದಿಲ್ಲ, ಆದ್ದರಿಂದ ‘ಬಳಲಿಕೆ’ಯ ಕಡೆ ಒಲವು. ವರ್ಕ್‌ಶಾಪುಗಳಲ್ಲಿ, ಕಾರ್ಖಾನೆಗಳಲ್ಲಿ ಬೇರೆ ಮಾತು ಕೇಳಿದವರಿದ್ದರೆ ದಯವಿಟ್ಟು ತಿಳಿಸಿ.